ಗುಂಡಿ ಒತ್ತಿ ಕಲಿತ ಪಾಠಗಳು

ಬೂವನಹಳ್ಳಿ ಕಡೆ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಸ್ಟೆಬಿಲೈಜರ್, ಯುಪಿಎಸ್, ಪಂಪ್‌ಸೆಟ್ಟಿನ ಸ್ಟಾರ್ಟರ್, ಈಚೆಗೆ ಟಾರ್ಚು, ಟ್ರಿಮ್ಮರ್, ಬ್ಯಾಟರಿ ಔಷಧಿ ಪಂಪು. ಕೆಟ್ಟು ಬಂದದ್ದನ್ನು ಬಿಚ್ಚಿ ನೋಡುವುದು ಕಸುಬು. ಈ ಕಸುಬಿನ ಜೊತೆಗೇ ಸಿಗರೇಟಿನ ಚಟವೂ ಬೆಳೆದಿತ್ತು. ಬೆಸುಗೆ ಹಾಕುವಾಗ ಒಂದು, ಮುಗಿದ ಮೇಲೆ ಒಂದು, ಗಿರಾಕಿ ದುಡ್ಡು ಕೊಟ್ಟರೆ ಒಂದು, ಕೊಡದೆ ಹೋದರೆ ಎರಡು. ಅದನ್ನು ಬಿಡಿಸುತ್ತದೆ ಎಂಬ ಆಸೆಯಿಂದ, ನಮ್ಮ ರಾಜ್ಯದಲ್ಲಿ ಇನ್ನೂ ನಿಷೇಧವಾಗಿರದಿದ್ದ ದಿನಗಳಲ್ಲಿ, ಇ-ಸಿಗರೇಟು ಹಿಡಿದೆ. ವೋಲ್ಟೇಜ್ ಹೆಚ್ಚುಕಡಿಮೆ ಮಾಡುವಂಥದ್ದನ್ನೂ ಬಳಸಿದೆ, ಸರ್ಕ್ಯೂಟೇ ಇಲ್ಲದ ಮೆಕ್ಯಾನಿಕಲ್ ಕೊಳವೆಯನ್ನೂ ಬಳಸಿದೆ.

ಈಗ ಇವು ಇಡೀ ದೇಶದಲ್ಲಿ ಕಾನೂನುಬಾಹಿರ. ಆದರೂ ಹುಡುಗರು ಅಂಗಡಿಗೆ ಬಂದು, ದನಿ ತಗ್ಗಿಸಿ, "ಅಣ್ಣ, ನಿಮಗೆ ಗೊತ್ತಂತಲ್ಲ, ಎರಡರಲ್ಲಿ ಯಾವುದು ಒಳ್ಳೇದು?" ಅಂತ ಕೇಳುವುದು ನಿಂತಿಲ್ಲ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುವಷ್ಟು ಪುರುಸೊತ್ತಿಲ್ಲ, ಅರ್ಧ ಹೇಳಿದರೆ ಅಪಾಯ. ಅದಕ್ಕೇ ಬರೆದಿಡುತ್ತಿದ್ದೇನೆ. ಪರಿಣತನ ಸಲಹೆ ಅಂತ ಓದಬೇಡಿ. ಕೈ ಸುಟ್ಟುಕೊಂಡವನ ಲೆಕ್ಕದ ಪುಸ್ತಕ ಅಂದುಕೊಳ್ಳಿ.

1. ಹೊರಗಿನ ಹೊಳಪಿಗೆ ದುಡ್ಡು ಕೊಟ್ಟರೆ ಒಳಗಿನದ್ದು ಗೊತ್ತಾಗುವುದಿಲ್ಲ.

ಮೊದಲು ಕೊಂಡದ್ದು ಪೆನ್ನಿನಂಥ ಒಂದು ಕಡ್ಡಿ. ತುದಿಯಲ್ಲಿ ನೀಲಿ ದೀಪ, ಸೇದಿದರೆ ಬೆಳಗುತ್ತದೆ. ದೀಪ ನೋಡಿಯೇ ಕೊಂಡೆ. ಬೇರೆಯವರು ಸ್ಟೆಬಿಲೈಜರಿನ ಡಬ್ಬದ ಬಣ್ಣ ನೋಡಿ ಕೊಂಡಾಗ ಒಳಗೊಳಗೇ ನಗುವವನು ನಾನು. ಬೆಳಿಗ್ಗೆ ಚಾರ್ಜು ತುಂಬಿದ್ದಾಗ ಗಂಟಲಿಗೆ ತಾಕುವಷ್ಟು ಆವಿ, ಮಧ್ಯಾಹ್ನದ ಹೊತ್ತಿಗೆ ಉಸಿರು ಎಳೆದರೂ ಏನೂ ಬಾರದು. ಆಗ ಅಂಗಡಿಯ ಹೊರಗೆ ಹೋಗಿ ಸಿಗರೇಟು ಹಚ್ಚುತ್ತಿದ್ದೆ. ಬಿಚ್ಚಿ ನೋಡಿದ ಮೇಲೆ ವಿಷಯ ತಿಳಿಯಿತು. 2003ರಲ್ಲಿ ಚೀನಾದ ಹೊನ್ ಲಿಕ್ ಎಂಬ ಔಷಧ ತಜ್ಞ ಇಂಥ ಸಾಧನಕ್ಕೆ ಈ ಕಾಲದ ರೂಪ ಕೊಟ್ಟ. ಆಮೇಲೆ ಮಾದರಿಗಳು ನೂರಾರು ಬಂದರೂ ಈಗ ಸಿಗುವ ಬಹುಪಾಲಿನ ಒಳಗೆ ಇರುವುದು ಅಷ್ಟೇ: ಒಂದು ಲಿಥಿಯಂ ಸೆಲ್, ಕಾಯುವ ತಂತಿಯ ಸುರುಳಿ, ಅಂದರೆ ಕಾಯಿಲ್, ಅದರೊಳಗೆ ಹತ್ತಿಯ ಬತ್ತಿ, ಬತ್ತಿ ಹೀರುವ ದ್ರವ. ದ್ರವದಲ್ಲಿ ಪ್ರೊಪೈಲಿನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ, ನಿಕೋಟಿನ್. ಸೆಲ್ ಇಳಿದಂತೆ ವೋಲ್ಟೇಜ್ ಇಳಿಯುತ್ತದೆ, ವೋಲ್ಟೇಜ್ ಇಳಿದಂತೆ ಕಾಯಿಲ್ ತಣ್ಣಗಾಗುತ್ತದೆ. ನನ್ನ ಮಧ್ಯಾಹ್ನದ ಸಿಗರೇಟಿಗೆ ಕಾರಣ ಇಷ್ಟೇ.

2. ವೋಲ್ಟ್ ಒಂದನ್ನೇ ನೋಡಿದವನಿಗೆ ಅರ್ಧ ಲೆಕ್ಕವೂ ಬಂದಿಲ್ಲ.

ಎರಡನೆಯದಾಗಿ ತರಿಸಿದ್ದು ಕೆಳಗೆ ತಿರುಗಿಸುವ ಬಿರಡೆ ಇದ್ದ ಬ್ಯಾಟರಿ. 3.3 ವೋಲ್ಟಿನಿಂದ 4.8ರವರೆಗೆ ಬೇಕಾದ್ದಕ್ಕೆ ಇಟ್ಟುಕೊಳ್ಳಬಹುದು. ಸೆಲ್ ಇಳಿದರೂ ಒಳಗಿನ ಸರ್ಕ್ಯೂಟು ಅದೇ ವೋಲ್ಟೇಜ್ ಕಾಯ್ದುಕೊಳ್ಳುತ್ತದೆ. ಖುಷಿಯೋ ಖುಷಿ. 4ಕ್ಕೆ ಇಟ್ಟು ಸೇದುತ್ತಿದ್ದೆ. ಒಂದು ಕಾಯಿಲ್ ಹಾಕಿದಾಗ ಹಿತವಾಗಿತ್ತು, ಇನ್ನೊಂದು ಹಾಕಿದ ದಿನ ಗಂಟಲು ಉರಿದು ಕೆಮ್ಮು ಬಂತು. ಬ್ಯಾಟರಿ ಕೆಟ್ಟಿದೆ ಅಂತ ಅದನ್ನೇ ಬಿಚ್ಚಿ ಗುಡ್ಡೆ ಹಾಕಿದೆ. ಕೆಟ್ಟಿದ್ದು ನನ್ನ ಲೆಕ್ಕ. ಮೊದಲಿನ ಕಾಯಿಲ್ 2.2 ಓಮ್, ಎರಡನೆಯದು 1.5. ವೋಲ್ಟಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ವಾಟ್ ಬರುತ್ತದೆ. ಅದೇ 4 ವೋಲ್ಟಿಗೆ ಒಂದು ಕಡೆ 7 ವಾಟ್ ಚಿಲ್ಲರೆ, ಇನ್ನೊಂದು ಕಡೆ 10 ವಾಟ್ ದಾಟುತ್ತದೆ. ನಾಲಿಗೆಗೆ ಗೊತ್ತಾಗುವುದು ವಾಟ್, ವೋಲ್ಟ್ ಅಲ್ಲ. ದಿನಾ ಹೀಟರ್ ಕಾಯಿಲ್ ಅಳೆಯುವವನಿಗೆ ಈ ಸೂತ್ರ ಬಾಯಿಪಾಠ. ಆದರೆ ಬಾಯಿಗೆ ಇಟ್ಟುಕೊಳ್ಳುವ ವಸ್ತುವಿಗೂ ಅದೇ ಸೂತ್ರ ಅನ್ವಯಿಸುತ್ತದೆ ಎಂದು ಹೊಳೆಯಲೇ ಇಲ್ಲ. ಆಮೇಲೆ ಬಂದ ಯಂತ್ರಗಳಲ್ಲಿ ವೋಲ್ಟಿನ ಬದಲು ವಾಟನ್ನೇ ನಿಗದಿ ಮಾಡುವ ವ್ಯವಸ್ಥೆ ಬಂದದ್ದು ನನ್ನಂಥವರು ಬಹಳ ಮಂದಿ ಇದ್ದದ್ದರಿಂದಲೇ ಇರಬೇಕು.

3. ಬಿರಡೆ ತಿರುಗಿಸಿದಷ್ಟೂ ಸುಖ ಹೆಚ್ಚುತ್ತದೆ ಅನ್ನುವುದು ಭ್ರಮೆ.

ಸಿಗರೇಟಿನ ಪೆಟ್ಟು ಬೇಕು ಅನ್ನಿಸಿದಾಗಲೆಲ್ಲ ಬಿರಡೆಯನ್ನು ಕೊನೆಯವರೆಗೆ ತಿರುಗಿಸುತ್ತಿದ್ದೆ. ಬತ್ತಿ ದ್ರವ ಹೀರುವುದಕ್ಕೆ ಒಂದು ವೇಗವಿದೆ. ಕಾಯಿಲ್ ಅದಕ್ಕಿಂತ ಬೇಗ ಆವಿ ಮಾಡಿದರೆ ಬತ್ತಿ ಒಣಗುತ್ತದೆ, ಒಣಗಿದ್ದು ಸುಡುತ್ತದೆ. ಆ ಕಮಟು ಒಮ್ಮೆ ಬಾಯಿಗೆ ಬಂದರೆ ಊಟದವರೆಗೂ ಹೋಗುವುದಿಲ್ಲ. ನಾನು ಅದನ್ನು ಬರೀ ರುಚಿಯ ತೊಂದರೆ ಅಂದುಕೊಂಡಿದ್ದೆ. 2015ರ ಜನವರಿಯಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪರೀಕ್ಷೆಯ ವಿವರ ಬಂತು. ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದವರು ಒಂದೇ ಸಾಧನವನ್ನು ಎರಡು ವೋಲ್ಟೇಜಿನಲ್ಲಿ ಓಡಿಸಿ ನೋಡಿದ್ದರು. 3.3 ವೋಲ್ಟಿನಲ್ಲಿ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ಸಂಯುಕ್ತಗಳು ಸಿಗಲಿಲ್ಲ, 5 ವೋಲ್ಟಿನಲ್ಲಿ ಸಿಕ್ಕವು. ಅಷ್ಟು ಕಾಯಿಸಿದರೆ ಯಾವ ಮನುಷ್ಯನೂ ಆ ಕಮಟು ತಡೆದು ಸೇದಲಾರ, ಆದ್ದರಿಂದ ಪರೀಕ್ಷೆ ವಾಸ್ತವಕ್ಕೆ ದೂರ ಎಂದು ಟೀಕೆಯೂ ಬಂತು. ಟೀಕೆ ಓದಿ ನನಗೆ ನಗು ಬಂತು. ತಡೆದು ಸೇದುವವನು ಬೂವನಹಳ್ಳಿಯಲ್ಲಿ ಒಬ್ಬನಿದ್ದ. ಸಿಗರೇಟಿನಿಂದ ನಾಲಿಗೆ ಜಡ್ಡುಗಟ್ಟಿದವನಿಗೆ ಸುಟ್ಟ ವಾಸನೆ ಎಚ್ಚರಿಕೆಯಾಗಿ ಕೇಳಿಸುವುದಿಲ್ಲ.

4. ಪರದೆಯ ಮೇಲಿನ ಅಂಕಿಗೂ ಒಳಗಿನ ಬಿಸಿಗೂ ನೆಂಟಸ್ತನ ಇರಲೇಬೇಕೆಂದಿಲ್ಲ.

ಪರದೆ ಇದ್ದ ಯಂತ್ರ ಕೈಗೆ ಬಂದಾಗ ಇನ್ನು ಮೋಸವಿಲ್ಲ ಅಂದುಕೊಂಡೆ. 4.0 ಅಂತ ತೋರಿಸುತ್ತಿತ್ತು. ನನ್ನ ಮಲ್ಟಿಮೀಟರೂ 4.0 ಅಂದಿತು. ಆದರೆ ಕಾಯಿಲ್ ಮಾತ್ರ ಬೇಗ ಬೇಗ ಕಪ್ಪಾಗುತ್ತಿತ್ತು. ಆಸಿಲೋಸ್ಕೋಪ್ ಇದ್ದ ಒಬ್ಬ ಸ್ನೇಹಿತರ ಬಳಿ ಒಯ್ದು ನೋಡಿದಾಗ ಗುಟ್ಟು ಬಯಲಾಯಿತು. ಇಂಥ ಕೆಲವು ಅಗ್ಗದ ಯಂತ್ರಗಳು ವೋಲ್ಟೇಜನ್ನು ನಿಜವಾಗಿ ಇಳಿಸುವುದಿಲ್ಲ. 6 ವೋಲ್ಟನ್ನು ಸೆಕೆಂಡಿಗೆ ಹತ್ತಾರು ಸಲ ಹಚ್ಚಿ ಆರಿಸಿ, ಸರಾಸರಿ 4 ಬರುವಂತೆ ಮಾಡುತ್ತವೆ. ಮಾಮೂಲಿ ಮೀಟರ್ ಸರಾಸರಿಯನ್ನೇ ತೋರಿಸುತ್ತದೆ. ಬಿಸಿಯಾಗುವುದು ಮಾತ್ರ ಸರಾಸರಿಯ ಲೆಕ್ಕದಲ್ಲಿ ಅಲ್ಲ, ಆರ್‌ಎಂಎಸ್ ಲೆಕ್ಕದಲ್ಲಿ. ಪ್ರತಿ ಕ್ಷಣದ ವೋಲ್ಟನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡರೆ ಅದು 4.9 ವೋಲ್ಟ್. 1.5 ಓಮಿನ ಕಾಯಿಲ್‌ಗೆ 10.7 ವಾಟ್ ಹೋಗುತ್ತಿದೆ ಅಂತ ನಾನು ನಂಬಿದ್ದರೆ, ಹೋಗುತ್ತಿದ್ದದ್ದು 16 ವಾಟ್. ಇನ್ವರ್ಟರ್ ರಿಪೇರಿಯಲ್ಲಿ ಇದೇ ಕಾರಣಕ್ಕೆ ಗಿರಾಕಿಗೆ "ಈ ಮೀಟರ್ ನಂಬಬೇಡಿ ಗೌಡ್ರೆ" ಅಂತ ಬುದ್ಧಿ ಹೇಳಿದವನು ನಾನೇ. ಅಂಕಿ ತೋರಿಸುವ ಯಂತ್ರವನ್ನು ಅಂಕಿ ತೋರಿಸದ ಯಂತ್ರಕ್ಕಿಂತ ಹೆಚ್ಚು ನಂಬುತ್ತೇವೆ. ಅದು ಎಲ್ಲಿ, ಹೇಗೆ ಅಳೆದ ಅಂಕಿ ಅಂತ ಕೇಳುವವರು ಕಡಿಮೆ.

5. ಕೆಡಲು ಏನೂ ಇಲ್ಲದ ಯಂತ್ರದಲ್ಲಿ ಕಾಯಲೂ ಏನೂ ಇರುವುದಿಲ್ಲ.

ಸರ್ಕ್ಯೂಟಿನ ಮೇಲೆ ಹೀಗೆ ಸಿಟ್ಟು ಬಂದಿದ್ದಾಗಲೇ ಮೆಕ್ಯಾನಿಕಲ್ ಸಾಧನ ಕಣ್ಣಿಗೆ ಬಿತ್ತು. ತಾಮ್ರದ ಕೊಳವೆ, ಕೆಳಗೊಂದು ಸ್ಪ್ರಿಂಗ್ ಗುಂಡಿ, ಮೇಲೊಂದು ತಿರುಪು. ಒಳಗೆ ಸೆಲ್ ಇಳಿಬಿಟ್ಟು ಗುಂಡಿ ಒತ್ತಿದರೆ ಸೆಲ್ಲಿನ ಕರೆಂಟು ನೆಟ್ಟಗೆ ಕಾಯಿಲ್‌ಗೆ. ಚಿಪ್ಪಿಲ್ಲ, ಪರದೆಯಿಲ್ಲ, ತಂತಿಯೂ ಇಲ್ಲ. ರಿಪೇರಿಯವನ ಮನಸ್ಸಿಗೆ ಇಂಥದ್ದು ಬೇಗ ಹಿಡಿಸುತ್ತದೆ. ತಾಮ್ರವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳೆಯಿಸಿ, ಬಂದವರಿಗೆಲ್ಲ ತೋರಿಸಿ, "ಇದರಲ್ಲಿ ಕೆಡೋಕೆ ಏನಿದೆ ಹೇಳಿ?" ಅನ್ನುತ್ತಿದ್ದೆ. ಸ್ಟೆಬಿಲೈಜರ್ ತೆಗೆದುಹಾಕಿ ಫ್ರಿಜ್ಜನ್ನು ನೇರ ಲೈನಿಗೆ ಕೊಟ್ಟವನೂ ಹೀಗೇ ಹೆಮ್ಮೆ ಪಡುತ್ತಾನೆ, ಮೊದಲ ಬೇಸಿಗೆಯವರೆಗೆ. ಮೆಕ್ಯಾನಿಕಲ್‌ನಲ್ಲಿ ಹೊಸದಾಗಿ ಚಾರ್ಜಾದ ಸೆಲ್ 4.2 ವೋಲ್ಟ್ ಕೊಡುತ್ತದೆ, ಇಳಿಯುತ್ತ 3.2ಕ್ಕೆ ಬರುತ್ತದೆ. 0.5 ಓಮಿನ ಕಾಯಿಲ್ ಇದ್ದರೆ ಬೆಳಿಗ್ಗೆ 35 ವಾಟ್, ಸಂಜೆಗೆ 20. ಅಂದರೆ ಮೊದಲ ಕಡ್ಡಿಯಲ್ಲಿ ಯಾವುದನ್ನು ಬೈದಿದ್ದೆನೋ ಅದನ್ನೇ ಇನ್ನಷ್ಟು ದುಬಾರಿಯಾಗಿ ಕೊಂಡಿದ್ದೆ. ಸೆಲ್ ಪೂರ್ತಿ ಖಾಲಿಯಾದರೂ ನಿಲ್ಲಿಸುವವರಿಲ್ಲ. ಷಾರ್ಟ್ ಆದರೆ ತಪ್ಪಿಸುವವರಿಲ್ಲ. ಸೆಲ್ಲನ್ನು ತಿರುಗಾಮುರುಗಾ ಹಾಕಿದರೂ ಹೇಳುವವರಿಲ್ಲ. ಚಿಪ್ಪು ಮಾಡುತ್ತಿದ್ದ ಆ ಎಲ್ಲ ಕಾವಲನ್ನೂ ನಾನು ಮಾಡಬೇಕಿತ್ತು. ನಾನು ತಾಮ್ರ ತಿಕ್ಕುತ್ತ ಕೂತಿದ್ದೆ.

6. ಸೆಲ್ಲಿನ ಮೇಲೆ ಬರೆದದ್ದನ್ನು ಓದುವುದಕ್ಕಿಂತ ಸೆಲ್ ಎಲ್ಲಿಂದ ಬಂತು ಅಂತ ಕೇಳಬೇಕು.

ಈ ಪಾಠ ಇ-ಸಿಗರೇಟಿನ ಗೊಡವೆಯೇ ಇಲ್ಲದವರಿಗೂ ಬೇಕು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇವುಗಳಲ್ಲಿ ಹೆಚ್ಚಾಗಿ ಬಳಸುತ್ತಿದ್ದದ್ದು 18650 ಎಂಬ ಅಳತೆಯ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ತಲೆಗೆ ಕಟ್ಟುವ ಟಾರ್ಚು, ಪವರ್ ಬ್ಯಾಂಕು, ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಇಂಥವುಗಳಲ್ಲೂ ಹೆಚ್ಚಾಗಿ ಇದೇ. ನನ್ನ ಅಂಗಡಿಯಲ್ಲಿ ಸತ್ತ ಲ್ಯಾಪ್‌ಟಾಪ್ ಬ್ಯಾಟರಿಗಳ ರಾಶಿಯೇ ಇತ್ತು. ಒಡೆದರೆ ಆರು ಸೆಲ್, ಅದರಲ್ಲಿ ಎರಡಾದರೂ ಜೀವಂತ. ಪುಕ್ಕಟೆ ಸಿಕ್ಕಿತಲ್ಲ ಅಂತ ಅವನ್ನೇ ತಾಮ್ರದ ಕೊಳವೆಗೆ ಇಳಿಬಿಟ್ಟೆ. ಲ್ಯಾಪ್‌ಟಾಪಿನ ಸೆಲ್ ನಿಧಾನವಾಗಿ ಕರೆಂಟು ಕೊಡಲೆಂದು ಮಾಡಿದ್ದು, ಸಾಮಾನ್ಯವಾಗಿ ನಾಲ್ಕೈದು ಆಂಪಿಯರ್ ಅದರ ಮಿತಿ. 4.2 ವೋಲ್ಟಿಗೆ 0.5 ಓಮ್ ಹಚ್ಚಿದರೆ ಎಳೆಯುವುದು 8.4 ಆಂಪಿಯರ್. ಎರಡು ಪಟ್ಟು ಹತ್ತಿರ. ಕೊಳವೆ ಬೆಚ್ಚಗಾಗುತ್ತಿದ್ದುದನ್ನು ತಾಮ್ರದ ಗುಣ ಅಂದುಕೊಂಡೆ.

ಇನ್ನು ಪೇಟೆಯಲ್ಲಿ 9900 ಎಂಎಎಚ್ (ಸೆಲ್ಲಿನಲ್ಲಿ ಹಿಡಿಸುವ ಚಾರ್ಜಿನ ಅಳತೆ) ಅಂತ ಬರೆದ ಬಣ್ಣಬಣ್ಣದ ಸೆಲ್‌ಗಳು ಸಿಗುತ್ತವೆ. ಈ ಅಳತೆಯ ಒಳ್ಳೆಯ ಸೆಲ್‌ಗಳಲ್ಲಿ 3500ರ ಆಸುಪಾಸಿಗೆ ಬಂದರೆ ಅದೇ ದೊಡ್ಡದು. ಸುಳ್ಳು ಅಂಕಿಯ ಸೆಲ್ಲನ್ನು ನಾನು ಖಾಲಿ ಮಾಡಿ ಅಳೆದಾಗ ಸಿಕ್ಕ ಅಂಕಿ ನೋಡಿ, ಮೀಟರ್ ಕೆಟ್ಟಿದೆಯೇನೋ ಅಂತ ಬೇರೆ ಮೀಟರ್ ತಂದೆ. ಇನ್ನೊಂದು ಗುಟ್ಟೆಂದರೆ, ಹೆಚ್ಚು ಹೊತ್ತು ಬಾಳುವ ಸೆಲ್ಲೂ ಹೆಚ್ಚು ಕರೆಂಟು ಕೊಡುವ ಸೆಲ್ಲೂ ಸಾಮಾನ್ಯವಾಗಿ ಬೇರೆ ಬೇರೆ. ಸ್ಯಾಮ್‌ಸಂಗಿನ 25ಆರ್ ಎಂಬ ಸೆಲ್ 2500 ಎಂಎಎಚ್, ಆದರೆ 20 ಆಂಪಿಯರ್ ತಡೆಯುತ್ತದೆ. 3400 ಎಂಎಎಚ್‌ನ ಪ್ಯಾನಸಾನಿಕ್ ಸೆಲ್ ಅದರ ಅರ್ಧವನ್ನೂ ತಡೆಯುವುದಿಲ್ಲ. ದೊಡ್ಡ ಅಂಕಿ ಇದ್ದದ್ದೇ ಗಟ್ಟಿ ಸೆಲ್ ಅಂತ ನಾನು ಬಹಳ ಕಾಲ ನಂಬಿದ್ದೆ. ಟಾರ್ಚಿಗೆ ಸೆಲ್ ಕೊಳ್ಳುವವರೂ ಹಾಗೇ ನಂಬಿ ಬರುತ್ತಾರೆ.

7. ಗುಂಡಿ ಒತ್ತುವುದು ಬೆರಳು ಮಾತ್ರ ಅಲ್ಲ, ಜೇಬೂ ಒತ್ತುತ್ತದೆ.

ಹೊಳೆನರಸೀಪುರಕ್ಕೆ ಒಂದು ಮದುವೆಗೆ ಹೊರಟಿದ್ದೆ. ಬಸ್ಸು ತುಂಬಿ ತುಳುಕುತ್ತಿತ್ತು, ನಿಂತೇ ಇದ್ದೆ. ತೊಡೆ ಬಿಸಿಯಾಗುತ್ತಿದೆ ಅನ್ನಿಸಿತು. ಪಕ್ಕದವರ ಊಟದ ಡಬ್ಬಿ ತಾಕುತ್ತಿರಬಹುದು ಅಂದುಕೊಂಡೆ. ಅದು ಜೇಬಿನಲ್ಲಿದ್ದ ಕೊಳವೆ. ಗುಂಡಿ ಒತ್ತಿಕೊಂಡೇ ಇತ್ತು. ಬಿಸಿಗೆ ಒಳಗಿನ ಸ್ಪ್ರಿಂಗು ಸೋತು ಕೂತಿತ್ತು. ಬೆರಳು ಸುಟ್ಟುಕೊಂಡು ಹೊರತೆಗೆದು, ಪಂಚೆಯ ತುದಿಯಲ್ಲಿ ಹಿಡಿದು ಮೇಲಿನ ತಿರುಪು ಬಿಚ್ಚುವ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಮೂಗು ಮುಚ್ಚಿಕೊಂಡಿದ್ದರು. ಕಂಡಕ್ಟರು "ಏನ್ರೀ ಅದು, ಬಾಂಬಾ?" ಅಂದರು. ತಮಾಷೆಗೆ ಅಂದದ್ದಲ್ಲ. ಲಿಥಿಯಂ ಸೆಲ್ ಮಿತಿ ಮೀರಿ ಕಾದರೆ ಒಳಗೆ ಅನಿಲ ತುಂಬುತ್ತದೆ. ಆ ಅನಿಲ ಹೊರಹೋಗಲು ತೂತಿಲ್ಲದ ಲೋಹದ ಕೊಳವೆಯಲ್ಲಿ ಸೆಲ್ ಇದ್ದರೆ ಕಂಡಕ್ಟರ ಮಾತು ನಿಜವಾಗುತ್ತದೆ. 2018ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬರು ಇಂಥದೇ ಮೆಕ್ಯಾನಿಕಲ್ ಸಾಧನ ಸಿಡಿದು ಸತ್ತರು.

ಗುಂಡಿಗೆ ಬೀಗ ಇರಬೇಕು, ಕೊಳವೆಗೆ ತೂತು ಇರಬೇಕು, ಸೆಲ್ಲಿನ ಪ್ಲಾಸ್ಟಿಕ್ ಹೊದಿಕೆ ಒಂದು ಕೂದಲೆಳೆಯಷ್ಟೂ ಹರಿದಿರಬಾರದು ಎಂಬುದೆಲ್ಲ ಆಮೇಲೆ ತಿಳಿಯಿತು. ಹೊದಿಕೆಯ ಒಳಗಿನ ಲೋಹದ ಮೈ ಪೂರ್ತಿ ಋಣ ಧ್ರುವ. ಅದು ಕೊಳವೆಯ ಧನ ಭಾಗಕ್ಕೆ ತಾಕಿದರೆ ಕಾಯಿಲ್ ದಾಟದೆಯೇ ಕರೆಂಟು ಸುತ್ತುತ್ತದೆ. ಬಿಡಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ಕಾಸಿನ ಜೊತೆ ಜೇಬಿಗೆ ಹಾಕಿಕೊಳ್ಳುವುದೂ ಅಷ್ಟೇ ಅಪಾಯ. ಟಾರ್ಚಿನ ಸೆಲ್ ಬದಲಿಸಲು ಬರುವವರು ಇವತ್ತಿಗೂ ಹಾಗೇ ತರುತ್ತಾರೆ. ನಾನು ಮೊದಲು ಸೆಲ್ ಇಸಿದುಕೊಂಡು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಆಮೇಲೆ ಮಾತಾಡುತ್ತೇನೆ.

8. ಚಿಪ್ಪು ಇದೆ ಅಂತ ನಿದ್ದೆ ಮಾಡಬಾರದು.

ಬಸ್ಸಿನ ಪ್ರಸಂಗದ ಮೇಲೆ ಮತ್ತೆ ಸರ್ಕ್ಯೂಟ್ ಇರುವ ಯಂತ್ರಕ್ಕೆ ಮರಳಿದೆ. ಹೋಲಿಸಿ ನೋಡಿದರೆ ಇದು ನಿಸ್ಸಂಶಯವಾಗಿ ವಾಸಿ. ಷಾರ್ಟ್ ಕಂಡರೆ ನಿಲ್ಲುತ್ತದೆ, ಸೆಲ್ ಇಳಿದರೆ ನಿಲ್ಲುತ್ತದೆ, ಹತ್ತು ಸೆಕೆಂಡು ಮೀರಿ ಒತ್ತಿದರೂ ನಿಲ್ಲುತ್ತದೆ. ಆದರೆ ಅದಕ್ಕೂ ಒಂದು ತಿರುಗುಮುರುಗಾದ ಗುಣವಿದೆ. 40 ವಾಟ್ ಕೊಡು ಅಂತ ಹೇಳಿಟ್ಟರೆ ಕೊನೆಯವರೆಗೂ ಅಷ್ಟೇ ಕೊಡಲು ನೋಡುತ್ತದೆ. ಸೆಲ್ ತುಂಬಿದ್ದಾಗ ಅದಕ್ಕೆ 9.5 ಆಂಪಿಯರ್ ಸಾಕು, 3.2 ವೋಲ್ಟಿಗೆ ಇಳಿದಾಗ 12.5 ಬೇಕು, ಸರ್ಕ್ಯೂಟಿನ ನಷ್ಟ ಬೇರೆ. ಮೆಕ್ಯಾನಿಕಲ್‌ನಲ್ಲಿ ಸೆಲ್ ಸೋತಂತೆ ಹೊರೆಯೂ ಇಳಿಯುತ್ತದೆ, ಇಲ್ಲಿ ಸೋತಂತೆ ಏರುತ್ತದೆ. ಹಾಗಾಗಿ ಲ್ಯಾಪ್‌ಟಾಪಿನ ಪುಕ್ಕಟೆ ಸೆಲ್ ಇದಕ್ಕೂ ಆಗದು.

ಚಾರ್ಜಿಂಗ್ ವಿಷಯದಲ್ಲಿ ನನ್ನ ಸೋಮಾರಿತನ ಹೇಳತೀರದು. ಮೊಬೈಲ್ ಚಾರ್ಜರಿಗೆ ಸಿಕ್ಕಿಸಿ, ದಿಂಬಿನ ಪಕ್ಕ ಇಟ್ಟು ಮಲಗುತ್ತಿದ್ದೆ. ನಮ್ಮ ಕಡೆ ರಾತ್ರಿ ಕರೆಂಟು ಹೋಗಿ, ಬರುವಾಗ ಒಮ್ಮೆ ಉಬ್ಬಿ ಬರುವುದು ಹೊಸದೇನಲ್ಲ. ಅದರಿಂದ ಸುಟ್ಟ ಟಿವಿಗಳಿಂದಲೇ ನನ್ನ ಮನೆ ನಡೆದದ್ದು. ನನ್ನವಳು ಒಂದು ಬೆಳಿಗ್ಗೆ ಕರಿ ಹಿಡಿದ ಚಾರ್ಜರನ್ನು ಎತ್ತಿ ತೋರಿಸಿ, "ಊರಿನವರ ಮನೆ ವೈರಿಂಗ್ ಸರಿ ಮಾಡ್ತೀರಿ, ನಮ್ಮ ಹಾಸಿಗೆಗೆ ಬೆಂಕಿ ಇಡ್ತೀರಾ?" ಅಂದಳು. ಉತ್ತರ ಇರಲಿಲ್ಲ. ಲಿಥಿಯಂ ಸೆಲ್ ಇರುವ ಯಾವುದನ್ನೇ ಆಗಲಿ, ಎಚ್ಚರವಿದ್ದಾಗ, ಕಣ್ಣೆದುರಿಗೆ, ಬಟ್ಟೆಬರೆಯಿಂದ ದೂರ ಇಟ್ಟು ಚಾರ್ಜು ಮಾಡಿ.

9. ಬಾಟಲಿಯಲ್ಲಿ ಇರುವುದು ಪರಿಮಳ ಅಲ್ಲ, ನಿಕೋಟಿನ್.

ಯಂತ್ರಗಳನ್ನು ಹೋಲಿಸುವ ಭರದಲ್ಲಿ ದ್ರವದ ಕಡೆ ಗಮನವೇ ಇರಲಿಲ್ಲ. ಕಲ್ಲಂಗಡಿ, ಏಲಕ್ಕಿ, ಪುದೀನ ಅಂತ ಹೆಸರು ನೋಡಿ ತರಿಸುತ್ತಿದ್ದೆ. ಮಿಲಿಲೀಟರಿಗೆ 18 ಮಿಲಿಗ್ರಾಂ ಅಂದರೆ 10 ಮಿಲಿಲೀಟರಿನ ಪುಟ್ಟ ಬಾಟಲಿಯಲ್ಲಿ 180 ಮಿಲಿಗ್ರಾಂ ನಿಕೋಟಿನ್. ಅಷ್ಟು ಮಗುವಿನ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಅದನ್ನು ನಾನು ಬೆಸುಗೆಯ ಸಾಮಾನಿನ ನಡುವೆ, ಮುಚ್ಚಳ ಸಡಿಲವಾಗಿ ಇಟ್ಟಿರುತ್ತಿದ್ದೆ. ಕೈ ಮೇಲೆ ಚೆಲ್ಲಿದರೆ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದೆ.

ಅದು ಎಂಥ ಅಪಾಯ ಅಂತ ನನಗೆ ತಿಳಿಸಿಕೊಟ್ಟವರು ಅರಕಲಗೂಡು ಕಡೆಯ ಹೊಗೆಸೊಪ್ಪಿನ ಬೆಳೆಗಾರರು. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ, ಸುತ್ತಲಿನ ಹಳ್ಳಿಗಳಲ್ಲಿ ಸೊಪ್ಪು ಹದಮಾಡುವ ಬ್ಯಾರನ್‌ಗಳಿವೆ. ಬ್ಯಾರನ್ ಮನೆಯೊಂದರ ವೈರಿಂಗಿಗೆ ಹೋಗಿದ್ದಾಗ, ಮಳೆಯಲ್ಲಿ ಸೊಪ್ಪು ಮುರಿದು ಬಂದ ಹೆಣ್ಣುಮಗಳೊಬ್ಬಳು ತಲೆ ಸುತ್ತಿ ವಾಂತಿ ಮಾಡಿಕೊಂಡು ಜಗಲಿಯಲ್ಲಿ ಮಲಗಿದ್ದಳು. ಮನೆಯ ಹಿರಿಯರು, "ಒದ್ದೆ ಸೊಪ್ಪಿನ ನಂಜು ಕಣಪ್ಪ, ಮೈಗೇರ್ತದೆ" ಅಂದರು. ಅವಳು ಬೀಡಿ ಮುಟ್ಟಿದವಳಲ್ಲ. ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕವೇ ರಕ್ತಕ್ಕೆ ಹೋಗುತ್ತದೆ. ವೈದ್ಯರು ಇದನ್ನು ಹಸಿ ತಂಬಾಕಿನ ಕಾಯಿಲೆ ಅಂತ ಗುರುತಿಸಿದ್ದಾರೆ. ಎಲೆಯ ಮೇಲಿನ ಮಳೆನೀರೇ ಹೀಗಾದರೆ ನನ್ನ ಬಾಟಲಿಯ ಗತಿಯೇನು? ಆ ಸಂಜೆ ಬಂದವನು ಮೊದಲು ಮಾಡಿದ ಕೆಲಸ ಬಾಟಲಿಗಳನ್ನು ಬೀರುವಿನ ಮೇಲಿನ ಅರೆಗೆ ಏರಿಸಿದ್ದು. ಮೊದಲೇ ಮಾಡಬೇಕಿತ್ತು.

10. ಹೋಲಿಸುವುದೂ ಒಂದು ಚಟ.

ಇಷ್ಟೆಲ್ಲ ನಡೆಯುವಾಗ ಸಿಗರೇಟು ಏನಾಯಿತು ಅಂತ ಕೇಳುವಿರಿ. ಅದು ಎಲ್ಲಿಗೂ ಹೋಗಿರಲಿಲ್ಲ. ಕಡಿಮೆಯಾಗಿತ್ತು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಂಗಡಿಯಲ್ಲಿ ಆವಿ, ಹೊರಗೆ ಹೊಗೆ. ಮೊದಲು ಗಂಟೆಗೊಮ್ಮೆ ಎದ್ದು ಹೋಗಬೇಕಿತ್ತು, ಈಗ ಕೂತಲ್ಲೇ ನಿಮಿಷಕ್ಕೊಮ್ಮೆ ಗುಂಡಿ. ದಿನಕ್ಕೆ ಎಷ್ಟು ನಿಕೋಟಿನ್ ಒಳಗೆ ಹೋಗುತ್ತಿದೆ ಎಂಬ ಲೆಕ್ಕವನ್ನು, ಎಲ್ಲ ಲೆಕ್ಕ ಬಲ್ಲ ನಾನು, ಒಮ್ಮೆಯೂ ಮಾಡಲಿಲ್ಲ. ಯಾವ ಕಾಯಿಲ್, ಯಾವ ತಂತಿ, ಕಾಂತಾಲೋ ನೈಕ್ರೋಮೋ ಅಂತ ರಾತ್ರಿಯೆಲ್ಲ ಓದುತ್ತಿದ್ದೆ. ಹಾಗೆ ಓದುವುದೇ ಬಿಡುವ ಪ್ರಯತ್ನ ಎಂಬ ನಂಬಿಕೆ ಬಂದುಬಿಟ್ಟಿತ್ತು. ಬ್ರಿಟನ್ನಿನಂಥ ದೇಶಗಳು ದ್ರವದ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಬಾರದೆಂಬಂಥ ನಿಯಮ ಹಾಕಿ, ಸಿಗರೇಟು ಪೂರ್ತಿ ಬಿಡಲು ಇದನ್ನು ಒಂದು ದಾರಿಯಾಗಿ ಒಪ್ಪಿವೆ. ಅಲ್ಲಿ ಬಿಟ್ಟವರಿದ್ದಾರೆ, ಅವರ ಮಾತು ಸುಳ್ಳಲ್ಲ. ನಾನು ಸಿಗರೇಟಿನ ಜಾಗಕ್ಕೆ ಯಂತ್ರ ತರಲಿಲ್ಲ, ಪಕ್ಕಕ್ಕೆ ತಂದು ಕೂರಿಸಿದೆ.

11. ಕಾನೂನು ಬಂದ ಮೇಲೂ ಡ್ರಾಯರಿನಲ್ಲಿ ಇಟ್ಟುಕೊಂಡದ್ದು ಜಾಣತನವಲ್ಲ.

2016ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಇ-ಸಿಗರೇಟನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ತಯಾರಿ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜೈಲು ಮತ್ತು 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೂ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ.

ರಾಜ್ಯದ ನಿಷೇಧ ಬಂದಾಗ ನಾನು ಕೂಡಲೇ ಬಿಟ್ಟೆ ಅಂತ ಬರೆಯಲು ಆಸೆ. ಬಿಡಲಿಲ್ಲ. ಉಳಿದಿದ್ದ ದ್ರವ ಮುಗಿಯುವವರೆಗೆ ಅಂತ ಶುರುವಾಗಿ, ಬೆಂಗಳೂರಿನಿಂದ ಯಾರೋ ತಂದುಕೊಡುವಲ್ಲಿಗೆ ಹೋಯಿತು. ಕದ್ದು ತಂದ ದ್ರವದ ಬಾಟಲಿಯ ಮೇಲೆ ಏನೂ ಬರೆದಿರಲಿಲ್ಲ. ಆಮೇಲೆ 2019ರಲ್ಲಿ ಅಮೆರಿಕದಲ್ಲಿ ಇಂಥ ಯಂತ್ರಗಳಿಂದ ಆವಿ ಸೇದಿ ಶ್ವಾಸಕೋಶ ಕೆಟ್ಟು ಜನ ಆಸ್ಪತ್ರೆ ಸೇರಿದ ಸುದ್ದಿ ಓದಿದೆ. 2020ರ ಫೆಬ್ರವರಿ ಹೊತ್ತಿಗೆ 2,800 ದಾಟಿದ ರೋಗಿಗಳು, 68 ಸಾವು. ಮುಖ್ಯವಾಗಿ ಕಾರಣವಾದದ್ದು ಕಳ್ಳದಾರಿಯ ಗಾಂಜಾ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ನಾನು ಸೇದಿದ್ದು ಅದಲ್ಲದಿರಬಹುದು. ಆದರೆ ಹೆಸರಿಲ್ಲದ ಬಾಟಲಿಯಲ್ಲಿ ಏನಿತ್ತು ಅಂತ ಯಾವ ಮಲ್ಟಿಮೀಟರೂ ಹೇಳುವುದಿಲ್ಲ. ಈಗ ಹುಡುಗರ ಕೈಗೆ ಸಿಗುವುದು ಹೆಚ್ಚಾಗಿ ಅಂಥದೇ ಹೆಸರಿಲ್ಲದ ಮಾಲು, ಇಲ್ಲವೇ ಹೆಸರೇ ಸುಳ್ಳಾದ ಮಾಲು. ಹೀಗಿರುವಾಗ ವೋಲ್ಟೇಜ್ ಮಾದರಿಯೋ ಮೆಕ್ಯಾನಿಕಲ್ಲೋ ಎಂಬ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ.

12. ಬಿಡಿಸಿದ್ದು ಯಂತ್ರವಲ್ಲ, ಮಾತು.

ಕೊನೆಗೆ ಬಿಟ್ಟ ಕತೆಯಲ್ಲಿ ಹೇಳಿಕೊಳ್ಳುವಂಥ ಶೌರ್ಯ ಏನೂ ಇಲ್ಲ. ಕೆಮ್ಮಿಗೆ ಅಂತ ಹೋದಾಗ ಡಾಕ್ಟರು, ಸಿಗರೇಟಿನ ಪೊಟ್ಟಣದ ಮೇಲೇ ಅಚ್ಚಾಗಿರುವ ನಂಬರನ್ನು ಓದಿ ಅಂದರು. 1800-11-2356. ರಾಷ್ಟ್ರೀಯ ತಂಬಾಕು ಬಿಡುವ ಸಹಾಯವಾಣಿ, ಪುಕ್ಕಟೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಒಂದು ಕೇಂದ್ರ, ಕನ್ನಡದಲ್ಲಿ ಮಾತಾಡುತ್ತಾರೆ. ದಿನಾ ಕೈಯಲ್ಲಿ ಹಿಡಿದ ಪೊಟ್ಟಣದ ಮೇಲಿದ್ದ ನಂಬರನ್ನು ನಾನು ಓದಿಯೇ ಇರಲಿಲ್ಲ. ಆ ಕಡೆಯವರು ಯಂತ್ರದ ವಿಷಯ ಕೇಳಲಿಲ್ಲ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ, ಯಾರ ಜೊತೆ ಇದ್ದಾಗ ಹೆಚ್ಚು, ಮನೆಯಲ್ಲಿ ಯಾರಿಗೆ ಹೇಳಿದ್ದೀರಿ ಅಂತ ಕೇಳಿದರು. ಯಾರಿಗೂ ಹೇಳಿರಲಿಲ್ಲ. ಬಿಡುವ ದಿನ ಗೊತ್ತು ಮಾಡಿಸಿದರು, ತಿರುಗಿ ಫೋನು ಮಾಡಿದರು. ಜೊತೆಗೆ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ 2 ಮಿಲಿಗ್ರಾಂನ ನಿಕೋಟಿನ್ ಗಮ್. ಅದನ್ನೂ ಮೊದಲು ತಪ್ಪಾಗಿ ಅಗಿದೆ. ಸುಮ್ಮನೆ ಚೂಯಿಂಗ್ ಗಮ್ಮಿನಂತೆ ಅಗಿದು ಬಿಕ್ಕಳಿಕೆ ಬರಿಸಿಕೊಂಡೆ. ಖಾರ ತಾಕುವವರೆಗೆ ನಿಧಾನ ಅಗಿದು, ಕೆನ್ನೆಯ ಬದಿಗೆ ಒತ್ತಿ ಇಟ್ಟು, ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ನಡುವೆ ಎರಡು ಸಲ ಜಾರಿ ಮತ್ತೆ ಹಚ್ಚಿದ್ದೂ ಉಂಟು. ಅದಕ್ಕೂ ಆ ಕಡೆಯವರು ಬೈಯಲಿಲ್ಲ, ಮತ್ತೆ ದಿನ ಗೊತ್ತು ಮಾಡಿಸಿದರು.

ತಾಮ್ರದ ಕೊಳವೆಯನ್ನು ಕುಯ್ದು ಗುಜರಿಗೆ ಹಾಕಿದೆ. ಸೆಲ್‌ಗಳ ಎರಡೂ ತುದಿಗೆ ಟೇಪು ಸುತ್ತಿ ಇ-ತ್ಯಾಜ್ಯದವರಿಗೆ ಕೊಟ್ಟೆ. ಮನೆಯ ಕಸದಲ್ಲಿ ಹಾಕಿದರೆ ಕಸದ ಗಾಡಿಯಲ್ಲಿ ಜಜ್ಜಿ ಬೆಂಕಿ ಹತ್ತೀತು, ಅದಕ್ಕೆ.

ಇನ್ನು ಅಂಗಡಿಗೆ ಬಂದು ಯಾವುದು ಒಳ್ಳೇದು ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟು. ಕೇಳಿದ್ದಕ್ಕೆ ನೇರವಾಗಿ ಹೇಳುವುದಾದರೆ, ಕಾವಲು ಇರುವ ಯಂತ್ರ ಕಾವಲಿಲ್ಲದ ಯಂತ್ರಕ್ಕಿಂತ ಕಡಿಮೆ ಅಪಾಯದ್ದು. ಆದರೆ ಆ ಕಾವಲು ಸೆಲ್ಲಿಗೆ, ಕಾಯಿಲ್‌ಗೆ. ಸೇದುವವನಿಗೆ ಎರಡರಲ್ಲೂ ಕಾವಲಿಲ್ಲ. ಸೇದದೇ ಇರುವವನು ಎರಡನ್ನೂ ಮುಟ್ಟಬೇಡ. ಸಿಗರೇಟು ಬಿಡಬೇಕು ಅನ್ನುವವನು ಅಂಗಡಿಯ ಫೋನಿನಿಂದಲೇ ಆ ನಂಬರಿಗೆ ಮಾಡು, ದುಡ್ಡು ಬೇಡ. ಟಾರ್ಚಿಗೆ ಸೆಲ್ ಬೇಕಾದವನು ಒಳಗೆ ಬಾ, ಅಳೆದೇ ಕೊಡುತ್ತೇನೆ.